ಲಾಂಗ್ ರೂಟ್ ಗಾಡಿ ಬರ್ತದಂತೆ!

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ನೀವು ನೋಡಿರ್ತೀರಿ. ಆ ಕುಲಾವಿಯ ಬಣ್ಣಕ್ಕೆ ಜಗಳ ಆಡೋರನ್ನ ನೋಡಬೇಕಿದ್ದರೆ ಎಪ್ಪತ್ತರ ದಶಕದಲ್ಲಿ ನಮ್ಮ ಮಂಡ್ಯಕ್ಕೆ ಬರಬೇಕಿತ್ತು. ದಿನಾ ಒಂದಲ್ಲ ಒಂದು ನಡೆಯೋದು.

ನಾನಾಗ ಅಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತ. ಹೆಂಡತಿ ಮದ್ದೂರಿನ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ, ತಡವಾಯ್ತು ಅಂತ ಹೆಡ್‌ಮಿಸ್ ಹತ್ತಿರ ಮಂಗಳಾರತಿ ಮಾಡಿಸಿಕೊಂಡು, ಸಂಜೆ ಆ ಸಿಟ್ಟನ್ನೆಲ್ಲ ತಂದು ನನ್ನ ಮೇಲೆ ತೀರಿಸೋಳು. ಮೋಟರ್ ಬೈಕು ತಗೊಂಡು ನಾನೇ ಅವಳನ್ನ ಬಿಟ್ಟುಬರೋದು ಅಂತ ಮಾತಾಗಿತ್ತು. ದುಡ್ಡೂ ತಯಾರಿತ್ತು. ಆದರೆ ಮೈಸೂರಿನ ಬೈಕ್ ಫ್ಯಾಕ್ಟ್ರಿಯಿಂದ ‘ಲಾಂಗ್ ರೂಟ್ ಗಾಡಿ’ ಅಂತ ಹೊಸ ಮಾಡೆಲ್ಲು ಇವತ್ತೋ ನಾಳೆಯೋ ಬರ್ತದೆ ಅನ್ನೋ ಸುದ್ದಿ ಮೂರು ವರ್ಷದಿಂದ ಹಬ್ಬಿತ್ತು. ಅದು ಬರೋ ಹೊತ್ತಿನಲ್ಲಿ ಹಳೇ ಮಾಡೆಲ್ಲು ಕೊಳ್ಳೋಕೆ ನನಗೇನು ತಲೆ ಕೆಟ್ಟಿತ್ತೆ?

“ಜೂನ್‌ನಲ್ಲಿ ಸ್ಕೂಲು ಶುರುವಾಗೋದ್ರೊಳಗೆ ಗಾಡಿ ಬರಲಿಲ್ಲ ಅಂದ್ರೆ ಮದ್ದೂರಲ್ಲೇ ರೂಮು ಮಾಡ್ತೀನಿ ಕಣ್ರೀ. ನೀವು ಅಡುಗೆ ಕಲಿತ್ಕೊಳ್ಳಿ” ಅಂದಳು. ಅವಳು ಸುಮ್ಮಸುಮ್ಮನೆ ಹೇಳೋಳಲ್ಲ. ನನಗೆ ನಿಜವಾಗಲೂ ಭಯ ಆಯ್ತು.

೧. ಚಿತ್ರಕಲೆ

ಭಯವಾದಾಗಲೆಲ್ಲ ನಾನು ಹೋಗುತ್ತಿದ್ದದ್ದು ಮೆಕ್ಯಾನಿಕ್ ಸಾಬರ ಶೆಡ್ಡಿಗೆ. ಸಂಜೆ ಆದರೆ ಅಲ್ಲಿನ ಗೋಣಿಚೀಲದ ಆಸನದ ಮೇಲೆ ಡ್ರಾಯಿಂಗ್ ಮೇಷ್ಟ್ರು ಮತ್ತು ಸಕ್ಕರೆ ಫ್ಯಾಕ್ಟ್ರಿ ಫಿಟ್ಟರು ಹಾಜರು. ಇಬ್ಬರಿಗೂ ಇದ್ದದ್ದು ಸೈಕಲ್ಲು, ಮಾತು ಮಾತ್ರ ಕನ್ಯಾಕುಮಾರಿಯಿಂದ ಈಚೆಗೆ ಬರುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು ಡ್ರಾಯಿಂಗ್ ಶೀಟು ಹರಡಿ, ಬರಲಿರೋ ಗಾಡಿಯ ಚಿತ್ರ ಬರೆಯೋಕೆ ಕೂತರು.

“ಟ್ಯಾಂಕು ದೊಡ್ದಾಗಿ ಬರೀರಿ ಮೇಷ್ಟ್ರೆ. ಬೆಂಗ್ಳೂರ್ಗೋಗಿ ಬಂದ್ರೂ ಪೆಟ್ರೋಲು ಮಿಕ್ಕಿರ್ಬೇಕು” ಅಂದ ಫಿಟ್ಟರು. ಮೇಷ್ಟ್ರು ಉಜ್ಜಿ ದೊಡ್ಡದು ಮಾಡಿದರು.

“ಸೀಟು ಉದ್ದ ಇರಲಿ. ಟಿಫನ್ ಕ್ಯಾರಿಯರು, ಮಕ್ಕಳ ನೋಟ್‌ಬುಕ್ಕಿನ ಕಟ್ಟು ಎಲ್ಲಾ ಹಿಡಿಸಬೇಕು” ಅಂದೆ ನಾನು. ಸೀಟೂ ಬೆಳೆಯಿತು. ಆಮೇಲೆ ಮೇಷ್ಟ್ರು ತಮ್ಮ ಖುಷಿಗೆ ಅಂತ ಎರಡು ಸೈಲೆನ್ಸರು, ಅಕ್ಕಪಕ್ಕ ಎರಡು ಪೆಟ್ಟಿಗೆ ಬರೆದರು.

ಸಾಬರು ಕೈಯ ಗ್ರೀಸು ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದರು. “ಬೋ ಚೆಂದಾಗದೆ ಮೇಷ್ಟ್ರೆ. ಎಂಜಿನ್ನು ಎಲ್ಲದೆ? ಅದನ್ನ ಇಂದ್ಗಡೆ ಬೇರೆ ಗಾಡಿಲಿ ತತ್ತಾರಾ?”

೨. ಮದ್ದೂರಿನ ಗೂಢಚಾರಿಕೆ

ಮೈಸೂರಿನಲ್ಲಿ ತಯಾರಾದ ಗಾಡಿಗಳನ್ನ ಓಡಿಸಿ ಪರೀಕ್ಷೆ ಮಾಡೋನೊಬ್ಬ ನಮ್ಮೂರು ದಾಟಿ ಮದ್ದೂರಿನವರೆಗೂ ಬಂದು, ಹೋಟೆಲಿನಲ್ಲಿ ವಡೆ ತಿಂದು ವಾಪಸ್ಸು ಹೋಗ್ತಾನೆ ಅಂತ ಫಿಟ್ಟರು ಪತ್ತೆ ಮಾಡಿದ. ಇನ್ನೇನು ಬೇಕು! ಮೂವರೂ ಬಸ್ಸು ಹತ್ತಿ ಹೋಗಿ ಕಾದೆವು. ನಂಬರಿಲ್ಲದ ಗಾಡಿಯಲ್ಲಿ ಆಸಾಮಿ ಬಂದೇ ಬಂದ.

ವಡೆ ಕೊಡಿಸಿದೆವು. ಕಾಫಿ ಕೊಡಿಸಿದೆವು. “ಇನ್ನೊಂದು ವಡೆ ತಗೊಳ್ಳಿ ಸಾರ್” ಅಂತ ಮೇಷ್ಟ್ರು ತಮ್ಮ ತಟ್ಟೆಯದನ್ನೇ ಆ ಕಡೆ ತಳ್ಳಿದರು. ಮೂರನೇ ವಡೆ ಮುಗಿದ ಮೇಲೆ ಆತ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. ನಾವು ಮೂವರೂ ಉಸಿರು ಹಿಡಿದು ಮುಂದಕ್ಕೆ ಬಾಗಿದೆವು.

“ನೀವು ಮಂಡ್ಯದಲ್ಲಿ ಸಾಬರ ಶೆಡ್ಡಲ್ಲಿ ಸೇರ್ತಾರಲ್ಲ, ಅವರೇನಾ?”

“ಹೌದು, ಹೌದು!”

“ಸದ್ಯ, ಸಿಕ್ಕಿದ್ರಲ್ಲ! ಹೊಸ ಗಾಡಿ ಹೆಂಗಿರ್ತದಂತೆ ಸಾರ್? ಮಂಡ್ಯದೋರನ್ನ ಕೇಳ್ಕೊಂಡು ಬಾ ಅಂತ ನಮ್ಮ ಫ್ಯಾಕ್ಟ್ರಿಯೋರೆಲ್ಲ ದಿನಾ ಪ್ರಾಣ ತಿಂತಾವ್ರೆ.”

ಮೇಷ್ಟ್ರಿಗೆ ಹೆಮ್ಮೆ ತಡೆಯಲಾಗಲಿಲ್ಲ. ಚೀಲದಿಂದ ಚಿತ್ರ ತೆಗೆದು ಆತನ ಕೈಗೇ ಕೊಟ್ಟುಬಿಟ್ಟರು.

ಮುಂದಿನ ವಾರ ಫಿಟ್ಟರು ಏದುಸಿರು ಬಿಡುತ್ತಾ ಶೆಡ್ಡಿಗೆ ಬಂದ. “ಮೇಷ್ಟ್ರೆ, ಮೈಸೂರಿಂದ ಗಟ್ಟಿ ಸುದ್ದಿ ಬಂದದೆ! ದೊಡ್ಡ ಟ್ಯಾಂಕಂತೆ, ಉದ್ದ ಸೀಟಂತೆ, ಅಕ್ಕಪಕ್ಕ ಪೆಟ್ಗೆನೂ ಅವಂತೆ!” ನಾವು ಹೇಳಿದ್ದು ಹೆಂಗೆ ನಿಜವಾಯ್ತು ನೋಡಿ ಅಂತ ಮೂವರೂ ಕೈ ಕುಲುಕಿಕೊಂಡೆವು.

೩. ಟಾರ್ಪಾಲಿನ ಒಳಗೆ

ಮೇ ತಿಂಗಳು ಮುಗಿಯುತ್ತಾ ಬಂತು. ಮನೆಯಲ್ಲಿ ಹೆಂಡತಿ ಮದ್ದೂರಿನ ರೂಮಿಗೆ ಅಂತ ಪಾತ್ರೆ ಬೇರೆ ಮಾಡೋಕೆ ಶುರುಮಾಡಿದ್ದಳು. ಅಷ್ಟರಲ್ಲಿ, ಮಳವಳ್ಳಿಯ ಸಾಹುಕಾರರೊಬ್ಬರ ಮನೆಗೆ ಎಲ್ಲೂ ಇಲ್ಲದ ಹೊಸ ಮಾಡೆಲ್ಲು ಬಂದಿದೆ, ಟಾರ್ಪಾಲು ಮುಚ್ಚಿ ಇಟ್ಟವರೆ ಅಂತ ಸುದ್ದಿ. ಇದಾದರೂ ಕೈ ಹಿಡಿಯಲಿ ಅಂತ ದೇವರಿಗೆ ಕೈಮುಗಿದು, ಮೇಷ್ಟ್ರು ಫಿಟ್ಟರ ಜೊತೆ ಹೊರಟೆ.

ಸಾಹುಕಾರರು ಮನೆಯಲ್ಲಿರಲಿಲ್ಲ. ಜಗಲಿಯ ಮೇಲಿದ್ದ ಅಜ್ಜಿ, “ಬತ್ತಾನೆ, ಕುಂತ್ಕಳಿ. ಅದ್ನ ಮಾತ್ರ ಮುಟ್ಬೇಡ್ರಪ್ಪ, ಬೈತಾನೆ” ಅಂದಳು. ಟಾರ್ಪಾಲಿನ ಎಡಗಡೆ ಕಬ್ಬಿಣದ ಹಿಡಿಯೊಂದು ಹೊರಗೆ ಚಾಚಿತ್ತು.

“ಕಿಕ್ಕರು ಎಡಗಡೆ! ಮೈಸೂರು ಗಾಡಿಯೇ, ಅನುಮಾನವೇ ಇಲ್ಲ” ಅಂದರು ಮೇಷ್ಟ್ರು.

“ಒಟ್ಟೆ ನೋಡಿ ಎಷ್ಟಗಲ! ಅದೇಯ ಟ್ಯಾಂಕು” ಅಂದ ಫಿಟ್ಟರು.

ಒಂದು ಗಂಟೆ ಇದೇ ಆಯ್ತು. ಸಾಹುಕಾರರು ಬಂದರು, ನಗುನಗುತ್ತಾ ಟಾರ್ಪಾಲು ಎಳೆದರು. ಒಳಗಿದ್ದದ್ದು ಭತ್ತ ತೂರೋ ಯಂತ್ರ. “ಕೈಯಲ್ಲಿ ತಿರುಗ್ಸಿದ್ರೆ ಸಾಕು, ಜೊಳ್ಳೆಲ್ಲಾ ಗಾಳೀಲಿ ಆರೋಯ್ತದೆ” ಅಂತ ತಿರುಗಿಸಿಯೂ ತೋರಿಸಿದರು. ನನಗೆ ಅಳು ಬರೋದೊಂದು ಬಾಕಿ.

ವಾಪಸ್ಸು ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಫಿಟ್ಟರು ಮೆಲ್ಲಗೆ ಅಂದ: “ಏನೇ ಏಳಿ ಮೇಷ್ಟ್ರೆ, ಗಾಳಿ ಮಾತ್ರ ಸಕತ್ತಾಗಿ ಬತ್ತದೆ. ಅಂಥದ್ದೊಂದು ಮಡುಗಿದ್ರೆ ಲಾಂಗ್ ರೂಟಲ್ಲಿ ಎಂಜಿನ್ನು ಬಿಸಿಯಾಗಾಕಿಲ್ಲ.”

೪. ಹೆಂಡತಿ ಬಂದಳು

ಸ್ಕೂಲು ಶುರುವಾಗೋ ಹಿಂದಿನ ದಿನ ಸಂಜೆ. ಹೊಸ ಗಾಡಿಯ ದೀಪ ದುಂಡಗಿರ್ತದೋ ಚೌಕವಾಗಿರ್ತದೋ ಅಂತ ಶೆಡ್ಡಿನಲ್ಲಿ ನಮ್ಮ ಜಗಳ ಜೋರಾಗಿತ್ತು. ತಲೆ ಎತ್ತಿದರೆ ಎದುರಿಗೆ ನನ್ನ ಹೆಂಡತಿ. ಕೈಯಲ್ಲಿ ಟ್ರಂಕು.

“ಮನೆ ಬೀಗದ ಕೈ ತಗೊಳ್ಳಿ. ಆರು ಗಂಟೆ ಬಸ್ಸಿಗೆ ಹೋಗ್ತೀನಿ.”

“ಸ್ವಲ್ಪ ತಾಳೇ, ಇನ್ನೊಂದೇ ತಿಂಗಳು...” ಅಂದೆ.

“ನಿಮ್ಮ ಹೊಸ ಗಾಡೀಲಿ ಸೀರೆ ಉಟ್ಟೋರು ಕಾಲು ಎಲ್ಲಿಡಬೇಕು? ಸೆರಗು ಚಕ್ರಕ್ಕೆ ಸಿಗದ ಹಾಗೆ ಏನು ಮಾಡಿದಾರೆ?”

ಮೇಷ್ಟ್ರು ಜೇಬಿನಲ್ಲಿ ಪೆನ್ಸಿಲ್ಲು ಹುಡುಕಿದರು. ಮೂರು ವರ್ಷದಲ್ಲಿ ಇದೊಂದು ಯಾರ ತಲೆಗೂ ಹೊಳೆದಿರಲಿಲ್ಲ. ಅವಳ ಕಣ್ಣು ಕೆಳಗಿಳಿಯಿತು.

“ಮೂರು ಜನವೂ ಕೂತಿದೀರಲ್ಲ, ಅದೇನದು?”

ಕೂತ ಜಾಗವನ್ನ ನಾವ್ಯಾವತ್ತು ನೋಡಿದ್ದೆವು! ಎದ್ದೆವು. “ಮಾರೋಕ್ ಮಡಗಿರೋದು ತಾಯಿ” ಅಂತ ಸಾಬರು ಗೋಣಿಚೀಲ ಎಳೆದರು. ಕೆಳಗೊಂದು ಹಳೇ ಮಾಡೆಲ್ಲಿನ ಮೈಸೂರು ಗಾಡಿ. ಹೆಂಗಸರು ಕಾಲಿಡೋಕೆ ಪಟ್ಟಿ, ಸೆರಗಿಗೆ ಅಡ್ಡ ಜಾಲರಿ, ಎಲ್ಲಾ ಇತ್ತು. ಸಾಬರು ಒಂದೇ ಕಿಕ್ಕು ಹೊಡೆದರು, ಡುಗುಡುಗು ಅಂತ ಎದ್ದುಬಂತು. ಹೆಂಡತಿ ಹಿಂದೆ ಕೂತು ಟ್ರಂಕು ತೊಡೆ ಮೇಲಿಟ್ಟುಕೊಂಡಳು. “ಇದೇ ಇರಲಿ. ನಡೀರಿ ಮನೆಗೆ” ಅಂದಳು. ನನಗೆ ಹೋದ ಜೀವ ಬಂದ ಹಾಗಾಯ್ತು.

ಹೊರಡೋ ಮುಂಚೆ ಅವಳು ಸಾಬರನ್ನ ತರಾಟೆಗೆ ತಗೊಂಡಳು. “ಮಾರೋ ಗಾಡಿ ಇಲ್ಲೇ ಇಟ್ಕೊಂಡು ಇವರಿಗೆ ಒಂದು ದಿನವಾದರೂ ತೋರಿಸಬಾರದಿತ್ತಾ ನೀವು?”

“ಅರೆ, ಎಂಗೆ ತೋರ್ಸ್ಲಿ ತಾಯಿ?” ಅಂದರು ಸಾಬರು. “ಮೂರು ವರ್ಸದಿಂದ ಕಾಯ್ತಾವ್ನಿ, ಇವ್ರು ಅದ್ರ ಮ್ಯಾಲಿಂದ ಎದ್ರೆ ತಾನೇ!”