ಸೀಲು ಕೂರದ ಕಾಗದ

"ಏಜೆಂಟು ಗೀಜೆಂಟು ಯಾರೂ ಬೇಡ ಕಣೇ. ಕಾಗದಪತ್ರದ ಕೆಲಸ ಅಂದ್ರೆ ನನಗೆ ನೀರು ಕುಡಿದ ಹಾಗೆ!" ಎಂದು ದಾಖಲೆ ವಿಭಾಗದ ಗುಮಾಸ್ತ ಹೆಂಡತಿಯ ಮುಂದೆ ಎದೆ ಸೆಟೆಸಿದ. ಅವನ ಗ್ರಹಚಾರ ಶುರುವಾದದ್ದು ಆ ಗಳಿಗೆಯಿಂದಲೇ!

ಹೆಂಡತಿ ಟೀಚರ್. ಊರಾಚೆಯ ಶಾಲೆಗೆ ವರ್ಗವಾಗಿತ್ತು. ಬಸ್ಸು ಕೈಬಿಟ್ಟ ಮೇಲೂ ನಲವತ್ತು ನಿಮಿಷದ ನಡಿಗೆ. ಸಂಜೆ ಬಂದವಳು ಹೊಸ್ತಿಲಲ್ಲೇ ಕೂತು ಹಿಮ್ಮಡಿ ತಿಕ್ಕಿಕೊಳ್ಳುವುದನ್ನು ಅವನು ದಿನವೂ ನೋಡುತ್ತಿದ್ದ. ಆ ಹಿಮ್ಮಡಿಗಾಗಿಯೇ ಪಕ್ಕದ ರಾಜ್ಯದಿಂದ ಹಳೆಯ ಕಾರೊಂದನ್ನು ಕೊಂಡು ತಂದದ್ದು. ಇಲ್ಲಿಯ ತೆರಿಗೆ ಕಟ್ಟಿ, ಇಲ್ಲಿಯ ನಂಬರು ಬರುವತನಕ ಅದರಲ್ಲಿ ಕಾಲಿಡೆನೆಂದು ಟೀಚರ್ ಗೆರೆ ಎಳೆದಿದ್ದಳು.

"ರಜೆ ಮುಗಿದು ಶಾಲೆ ಶುರುವಾಗೋ ಸೋಮವಾರ ನೀನು ಕಾರಲ್ಲೇ ಹೋಗ್ತೀಯ. ಬರೆದಿಟ್ಕೋ!"

"ಬರೆದಿಟ್ರೆ ನೀವು ಲ್ಯಾಮಿನೇಟ್ ಮಾಡಿಬಿಡ್ತೀರಲ್ಲ."

ಮಾತಿನಲ್ಲಿ ಸತ್ಯವಿತ್ತು. ಮೊದಲ ಬೋನಸ್ಸಿನಲ್ಲಿ ಅವನು ಕೊಂಡದ್ದು ಉಂಗುರವಲ್ಲ, ಲ್ಯಾಮಿನೇಷನ್ ಯಂತ್ರ! ಡಾಕ್ಟರ ಚೀಟಿ, ಫ್ರಿಜ್ಜಿನ ವಾರಂಟಿ, ಮದುವೆಯ ಕರೆಯೋಲೆ, ಎಲ್ಲಕ್ಕೂ ಪ್ಲಾಸ್ಟಿಕ್ ಕವಚ. ಈ ಮನೆಯಲ್ಲಿ ಕವಚವಿಲ್ಲದೆ ಉಳಿದವಳು ತಾನೊಬ್ಬಳೇ, ಅದೂ ಉಸಿರಾಡುತ್ತೇನೆಂಬ ಕಾರಣಕ್ಕೆ ಎಂದು ಟೀಚರ್ ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಕಾರಿನ ಕಡತದಲ್ಲಿ ಇದ್ದದ್ದರಲ್ಲೆಲ್ಲ ಮುಖ್ಯವಾದದ್ದು ನಿರಾಕ್ಷೇಪಣಾ ಪತ್ರ. ಈ ಗಾಡಿ ನಮ್ಮ ರಾಜ್ಯ ಬಿಟ್ಟು ಹೋಗಲು ಅಡ್ಡಿಯಿಲ್ಲ ಎಂದು ಹಳೆಯ ರಾಜ್ಯದವರು ಬರೆದುಕೊಟ್ಟ ಒಂದೇ ಒಂದು ಹಾಳೆ. ಅಂಥ ಅಮೂಲ್ಯ ಹಾಳೆಯನ್ನು ಬರಿಮೈಯಲ್ಲಿ ಬಿಡುವುದುಂಟೇ? ಯಂತ್ರ ಬಿಸಿಯಾಯಿತು. ಹಾಳೆ ಒಳಗೆ ಹೋಯಿತು. ಫಳಫಳ ಹೊಳೆಯುತ್ತ ಹೊರಗೆ ಬಂತು.

"ಯಾರನ್ನಾದ್ರೂ ಕೇಳಿ ಮಾಡಿದ್ರಾ?"

"ಕಾಗದದ ವಿಷಯದಲ್ಲಿ ನಾನು ಯಾರನ್ನ ಕೇಳ್ಬೇಕೇ?"

ಗುರುವಾರ ಸಾರಿಗೆ ಕಚೇರಿಯ ಕೌಂಟರಿನ ಹೆಂಗಸು ತೆರಿಗೆ ರಸೀದಿ ನೋಡಿದಳು, ತಲೆಯಾಡಿಸಿದಳು. ಪತ್ರ ತೆಗೆದುಕೊಂಡು ಸೀಲು ಕುಟ್ಟಿದಳು. ಸೀಲು ಜಾರಿತು! ಇನ್ನೊಮ್ಮೆ ಕುಟ್ಟಿದಳು. ಮಸಿ ಪ್ಲಾಸ್ಟಿಕ್ಕಿನ ಮೇಲೆ ಹನಿಹನಿಯಾಗಿ ನಿಂತು, ಅವಳ ಬೆರಳಿಗೆ ಅಂಟಿತು.

"ಇದರ ಮೇಲೆ ನಾವು ಬರೀಬೇಕು, ಸಹಿ ಮಾಡ್ಬೇಕು, ಸೀಲು ಹಾಕ್ಬೇಕು. ಎಲ್ಲಿ ಹಾಕ್ಲಿ, ನಿಮ್ಮ ಹಣೆ ಮೇಲಾ? ಏನು ಕೆಲಸ ನಿಮಗೆ?"

"ದಾಖಲೆ ವಿಭಾಗ..." ಎಂದನವನು, ಅಂಗಿಯ ಗುಂಡಿಗೆ ಹೇಳುವಂತೆ. ಹಿಂದಿನ ಸಾಲಿಗೆ ಸಾಲೇ ನಕ್ಕಿತು.

ಸೋತು ಮನೆಗೆ ಬಂದವನು ಸುಮ್ಮನಿದ್ದರೂ ಆಗುತ್ತಿತ್ತು. ಬಿಸಿಯಿಂದ ಅಂಟಿದ್ದು ಬಿಸಿಯಿಂದಲೇ ಬಿಡಬೇಕೆಂದು ಇಸ್ತ್ರಿ ಪೆಟ್ಟಿಗೆ ತೆಗೆದ! ಪ್ಲಾಸ್ಟಿಕ್ಕೇನೋ ಬಿಟ್ಟಿತು. ಬಿಡುವಾಗ ಅಕ್ಷರಗಳನ್ನೆಲ್ಲ ಜೊತೆಗೆ ಕರೆದುಕೊಂಡು ಹೋಯಿತು.

ಟೀಚರ್ ಬಿಳಿ ಹಾಳೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ, ನಡೆಯುವ ಚಪ್ಪಲಿಯನ್ನು ಅಟ್ಟದಿಂದ ಇಳಿಸಿ, ಬಟ್ಟೆಯಿಂದ ಒರೆಸಿದಳು. ಬೈದಿದ್ದರೇ ಚೆನ್ನಾಗಿತ್ತು.

ಸೋಮವಾರ ಅವಳು ಆ ಚಪ್ಪಲಿ ಮೆಟ್ಟಿ ಶಾಲೆಗೆ ನಡೆಯುತ್ತಿದ್ದಾಗ ಅವನು ಪಕ್ಕದ ರಾಜ್ಯದ ಬಸ್ಸಿನಲ್ಲಿದ್ದ. ಹನ್ನೊಂದು ತಾಸಿನ ದಾರಿ. ಕಿಟಕಿಗೆ ತಲೆ ಆನಿಸಿದವನಿಗೆ ತನ್ನ ಮೇಜು ನೆನಪಾಯಿತು. ಸಹಿ ಚೌಕದಿಂದ ಹೊರಗೆ ಬಂತೆಂದು ಅವನು ವಾಪಸು ಕಳಿಸಿದ ಅರ್ಜಿಗಳು ಎಷ್ಟು! "ನಾಳೆ ಬನ್ನಿ" ಎನ್ನಲು ಅವನಿಗೆ ಅರೆಕ್ಷಣ ಸಾಕಾಗುತ್ತಿತ್ತು. ಅವರಲ್ಲಿ ಯಾರ ಊರು ಎಷ್ಟು ದೂರವೋ, ಕೊನೆಯ ಬಸ್ಸು ಇಳಿದು ಯಾರು ಎಷ್ಟು ನಡೆದಿದ್ದರೋ, ಅವನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಅಲ್ಲಿಯ ಸಾರಿಗೆ ಕಚೇರಿಯ ಮುದಿ ಗುಮಾಸ್ತ ಸುಟ್ಟ ಪ್ಲಾಸ್ಟಿಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಮನೇಲಿ ಮಕ್ಕಳ ಕಿತಾಪತಿನಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ಇಲ್ಲ ಸ್ವಾಮಿ, ನಂದೇ" ಎಂದ.

ಮುದುಕ ಕನ್ನಡಕದ ಮೇಲಿಂದ ನೋಡಿ, ಸ್ಟೂಲನ್ನು ಕಾಲಿನಿಂದ ಇತ್ತ ತಳ್ಳಿದ. "ಕೂತ್ಕೊಳ್ಳಪ್ಪ. ಇಷ್ಟು ದೂರ ಬಂದವನಿಗೆ ನಾಳೆ ಬಾ ಅಂತ ಹ್ಯಾಗೆ ಹೇಳ್ಲಿ? ಸಂಜೆಯೊಳಗೆ ನಕಲು ಪತ್ರ ಕೊಡ್ತೀನಿ."

ನಮ್ಮ ಗುಮಾಸ್ತ ಕೂತ. ಸಂಜೆ ಪತ್ರ ಕೈಗೆ ಬಂದಾಗ ಅದನ್ನು ಕಣ್ಣಿಗೊತ್ತಿಕೊಂಡ.

ಊರಿಗೆ ಮರಳಿದಾಗ ಟೀಚರ್ ಬಾಗಿಲಲ್ಲೇ ಕೈಚಾಚಿದಳು. "ಕೊಡಿ ಇಲ್ಲಿ." ಪತ್ರವನ್ನು ಹಾಜರಿ ಪುಸ್ತಕದ ನಡುವೆ ಇಟ್ಟುಕೊಂಡು, ಅರ್ಧ ದಿನ ರಜೆ ಹಾಕಿ ತಾನೇ ಹೋದಳು. ಸೀಲು ಧಪ್ಪೆಂದು ಬಿತ್ತು. ಬಿತ್ತು, ಕೂತಿತು!

ಹೊಸ ನಂಬರಿನ ನೋಂದಣಿ ಅಂಚೆಯಲ್ಲಿ ಬರುವಷ್ಟರಲ್ಲಿ ಅವಳು ಹತ್ತೊಂಬತ್ತು ದಿನ ನಡೆದಿದ್ದಳು. ಲಕೋಟೆ ಒಡೆದ ಗುಮಾಸ್ತ ಕುಣಿದಾಡಿದ. ಒಳಗಿದ್ದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಕಾರ್ಡು!

"ನೋಡಿದ್ಯೇನೇ? ಕೊನೆಗೆ ಅವರೂ ಪ್ಲಾಸ್ಟಿಕ್ಕಿಗೇ ಬಂದ್ರು!"

"ಸೀಲು ಬಿದ್ದ ಮೇಲೆ ಕಣ್ರೀ" ಎಂದು ಟೀಚರ್ ಕಾರಿನ ಕೀಲಿ ತಿರುಗಿಸಿ ಹೊರಟೇಹೋದಳು.

ಸಾಕೆಂದುಕೊಂಡು ಅವನೇ ಯಂತ್ರವನ್ನು ಅಟ್ಟಕ್ಕೇರಿಸಲು ಹುಡುಕಿದ. ಅದು ಆಗಲೇ ಅಲ್ಲಿತ್ತು, ಹಳೆಯ ಚಪ್ಪಲಿಯ ಪಕ್ಕ, ಹಗ್ಗ ಬಿಗಿದುಕೊಂಡು. ಮೇಲೊಂದು ಬರಿಮೈಯ ಹಾಳೆ, ಟೀಚರ್ ಕೈಬರಹ:

"ಇದನ್ನು ಮುಟ್ಟಲು ನನ್ನ ನಿರಾಕ್ಷೇಪಣಾ ಪತ್ರ ತರತಕ್ಕದ್ದು. ಅರ್ಜಿಯೊಂದಿಗೆ ನಾಳೆ ಬನ್ನಿ."