ಖಾಲಿ ಡಬ್ಬಿಯೂ ನನ್ನ ಲಿವರೂ

ಐವತ್ತೆರಡು ವರ್ಷ ನನ್ನೊಳಗೇ ಇದ್ದ ಲಿವರನ್ನು ನಾನು ಒಂದು ದಿನವೂ ವಿಚಾರಿಸಿಕೊಂಡವನಲ್ಲ, ಒಪ್ಪಿಕೊಂಡುಬಿಡುತ್ತೇನೆ. ಹೃದಯವಾದರೆ ಡಬಡಬ ಅನ್ನುತ್ತದೆ, ಹೊಟ್ಟೆ ಗುರ್ ಅನ್ನುತ್ತದೆ. ಇದು ಮಾತ್ರ ಬಾಯಿಬಿಡದೆ ದುಡಿಯುತ್ತದೆ. ವಡೋದರಾಕ್ಕೆ ವರ್ಗವಾದ ಮೇಲೆ ನನ್ನ ಗತಿಯೂ ಅದೇ. ಹೆಂಡತಿ ಹಾವೇರಿಯಲ್ಲಿ ಟೀಚರು, ಮಗಳಿಗೆ ಪಿಯುಸಿ. ನಾನಿಲ್ಲಿ ವಿಮಾ ಕಚೇರಿಯಲ್ಲಿ ಕಂಡಕಂಡವರನ್ನು "ಕಾಯಿಲೆ ಏನಾದರೂ ಇದೆಯಾ?" ಎಂದು ಕೇಳಿ, ಸಂಜೆ ಫ್ಲ್ಯಾಟಿಗೆ ಬಂದು ಫ್ರಿಜ್ಜಿನ ಸದ್ದು ಕೇಳುತ್ತ ಕೂರುವವನು. ಬೇಸರವೆಂದರೆ ಅಂಥಿಂಥ ಬೇಸರವಲ್ಲ.

ಅದಕ್ಕೊಂದು ಬಿಡುವು ಸಿಗುತ್ತಿದ್ದದ್ದು ಏಳು ಗಂಟೆಗೆ. ಎದುರು ಮನೆಯ ಜ್ಯೋತ್ಸ್ನಾಬೆನ್ ಬೆಲ್ ಒತ್ತಿ, ಸ್ಟೀಲ್ ಡಬ್ಬಿ ಮುಂದೆ ಹಿಡಿದು, "ಥೋಡುಂ ಚಾಖೋ, ಭಾಯಿ" ಅನ್ನುವರು. ಚೂರು ರುಚಿ ನೋಡಿ ಅಂತ. ಒಂದು ದಿನ ಕಡಲೆಹಿಟ್ಟಿನ ಮೋಹನ್‌ಥಾಳ್, ಇನ್ನೊಂದು ದಿನ ತುಪ್ಪ ಬೆಲ್ಲದ ಸುಖಡಿ. ಜೊತೆಗೆ ಬಾಗಿಲಲ್ಲೇ ಐದು ನಿಮಿಷ ಮಾತು. ಇಡೀ ದಿನದಲ್ಲಿ ಕೆಲಸವಿಲ್ಲದೆ ನನ್ನ ಹತ್ತಿರ ಮಾತಾಡುತ್ತಿದ್ದವರು ಅವರೊಬ್ಬರೇ. ಬಂದ ಪಾತ್ರೆಯನ್ನು ಬರಿದು ಮಾಡಿ ಕಳಿಸಬಾರದು ಅಂತ ನಮ್ಮವ್ವ ಕಲಿಸಿದ್ದಳು. ಅಡುಗೆ ಬಾರದ ನಾನು ಅಂಗಡಿಯ ಪೇಢಾ ತುಂಬಿಸಿ ಕೊಡುತ್ತಿದ್ದೆ. ಅವರಿಗೂ ಅವರವ್ವ ಅದನ್ನೇ ಕಲಿಸಿರಬೇಕು. ಡಬ್ಬಿಗೆ ಪುರುಸೊತ್ತೇ ಇರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಸ್ಕ್ಯಾನಿಂಗಿನಲ್ಲಿ ಲಿವರ್ ಬಾಯಿಬಿಟ್ಟಿತು: ಕೊಬ್ಬು ತುಂಬಿದೆ. ರಕ್ತಪರೀಕ್ಷೆಯಲ್ಲಿ ಶುಗರೂ ಜಾಸ್ತಿ. "ರಾತ್ರಿಯೆಲ್ಲ ಉಪವಾಸ ಇದ್ದೆನಲ್ಲ ಡಾಕ್ಟ್ರೇ, ಬೆಳಿಗ್ಗೆ ಶುಗರ್ ಹೇಗೆ ಏರಿತು?" ಎಂದು ಫತೇಗಂಜ್‌ನ ಡಾಕ್ಟರ ಹತ್ತಿರ ಜಗಳಕ್ಕೇ ನಿಂತೆ.

"ಉಪವಾಸ ನೀವಿದ್ದಿರಿ, ಲಿವರ್ ಇರಲಿಲ್ಲ. ಉಂಡಾಗ ಸಕ್ಕರೆ ಕೂಡಿಡುವುದು, ಹಸಿದಾಗ ಬಿಡುವುದು ಅದರ ಕೆಲಸ. ಹೆಚ್ಚಾದದ್ದನ್ನು ಕೊಬ್ಬು ಮಾಡುತ್ತದೆ. ಕೊಬ್ಬು ಏರಿದ ಮೇಲೆ ಇನ್ಸುಲಿನ್ ಸಾಕು ಅಂದರೂ ಕೇಳದೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದಿರಲಿ, ನೀವು ನಿಜವಾಗಿ ಹಸಿವಾಗಿ ತಿನ್ನುತ್ತೀರಾ?"

"ಏಳಕ್ಕೆ ಸರಿಯಾಗಿ ಆಗುತ್ತದೆ" ಅಂದೆ. ಅವರು ಸಿಹಿ ಬಂದ್ ಎಂದು ಬರೆದರು.

ಹೊರಗೆ ಬಂದರೆ ಬೆಂಚಿನ ಮೇಲೆ ಜ್ಯೋತ್ಸ್ನಾಬೆನ್ ಅವರ ಯಜಮಾನರು ರಮಣಿಕ್‌ಭಾಯಿ, ಕೈಯಲ್ಲಿ ನನ್ನಂಥದೇ ಸ್ಕ್ಯಾನಿಂಗ್ ಕವರು! "ನಿಮಗೂನಾ?" ಅಂದೆ. "ನಾಲ್ಕು ತಿಂಗಳಿಂದ ಮನೇಲಿ ಪೇಢಾಕ್ಕೆ ಬರವೇ ಇಲ್ಲ, ಭಾಯಿ" ಅಂದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆ ಸಂಜೆ ಬೆಲ್ ಆಗಲಿಲ್ಲ. ಮರುದಿನವೂ ಇಲ್ಲ. ಕೊನೆಯ ಡಬ್ಬಿ ನನ್ನ ಅಡುಗೆಮನೆಯಲ್ಲೇ ಉಳಿದಿತ್ತು. ತುಂಬಿಸಿ ಕೊಟ್ಟರೆ ರಮಣಿಕ್‌ಭಾಯಿಗೆ ಕೇಡು, ಬರಿದೇ ಕೊಟ್ಟರೆ ಅವ್ವನ ಮಾತಿಗೆ ಕೇಡು. ನಿಜ ಹೇಳಬೇಕೆಂದರೆ ಅದೆಲ್ಲ ನೆಪ. ಡಬ್ಬಿ ಕೊಟ್ಟುಬಿಟ್ಟರೆ ಆ ಮನೆಯವರಿಗೆ ನನ್ನ ಬೆಲ್ ಒತ್ತಲು ಕಾರಣವೇ ಇರುವುದಿಲ್ಲ ಎಂದು ನನಗೆ ಹೆದರಿಕೆ. ಮೂರು ವಾರ ಬೋರಲು ಹಾಕಿಟ್ಟೆ. ಮೂರು ಕಿಲೋ ಇಳಿದೆ. "ರೀ, ಸಿಹಿ ನಿಂತಿದ್ದು ಚಲೋನೇ ಆತಲ್ರೀ" ಎಂದು ಹೆಂಡತಿ ಫೋನಿನಲ್ಲಿ ಹಿಗ್ಗಿದಳು. "ಚಲೋ ಆತು" ಅಂದೆ. ಫೋನಿಟ್ಟು ಬೋರಲು ಡಬ್ಬಿಯನ್ನು ಮತ್ತೊಮ್ಮೆ ಒರೆಸಿಟ್ಟೆ.

ಕೊನೆಗೊಂದು ಭಾನುವಾರ ತಡೆಯಲಾರದೆ ನಾನೇ ಹೋಗಿ ಡಬ್ಬಿ ಕೊಟ್ಟೆ. ಜ್ಯೋತ್ಸ್ನಾಬೆನ್ ಮುಚ್ಚಳ ತೆಗೆದು ನೋಡಿ, "ಖಾಲಿ?" ಅಂದರು. "ಖಾಲಿ" ಎಂದು ತಲೆ ತಗ್ಗಿಸಿಕೊಂಡು ಬಂದೆ.

ಮರುದಿನ ಏಳಕ್ಕೆ ಬೆಲ್! ರಮಣಿಕ್‌ಭಾಯಿ, ಕೈಯಲ್ಲಿ ಅದೇ ಡಬ್ಬಿ. ತೆಗೆದರೆ ಒಳಗೆ ಏನೂ ಇಲ್ಲ. "ನೀವು ಖಾಲಿ ಕೊಟ್ಟಿರಿ, ಅವಳೂ ಖಾಲಿ ಕಳಿಸಿದ್ದಾಳೆ" ಎಂದು ಕುರ್ಚಿ ಎಳೆದುಕೊಂಡು ಕೂತವರು ಒಂದು ಗಂಟೆ ಏಳಲಿಲ್ಲ. ಅಂದಿನಿಂದ ಖಾಲಿ ಡಬ್ಬಿ ಆಚೆ ಈಚೆ ಓಡಾಡಿತು. ಲಿವರ್ ಸುಧಾರಿಸಿದೆ ಎಂದು ಡಾಕ್ಟರು ಬೆನ್ನು ತಟ್ಟಿದರು.

ಈಗ ಗಂಡ ಹೆಂಡತಿ ಇಬ್ಬರೂ ಹತ್ತು ದಿನಕ್ಕೆಂದು ಸೂರತ್‌ಗೆ, ಮಗಳ ಮನೆಗೆ ಹೋಗಿದ್ದಾರೆ. ಡಬ್ಬಿ ನನ್ನ ಹತ್ತಿರವೇ ಇದೆ. ಏಳು ಗಂಟೆ. ಎರಡು ರೊಟ್ಟಿ ತಿಂದಿದ್ದೇನೆ, ಹೊಟ್ಟೆ ತುಂಬಿದೆ. ಒಳಗೆ ಏನೂ ಇಲ್ಲವೆಂದು ಗೊತ್ತಿದ್ದೂ ಎರಡು ಸಲ ಮುಚ್ಚಳ ತೆಗೆದು ನೋಡಿದೆ.