ಟ್ಯಾಂಗೋ ಕಲಿತ ಪಿ.ಟಿ. ಮೇಷ್ಟ್ರು

ಕಾಲು ಎನ್ನುವುದೊಂದು ನಮಗಿದೆ ಎಂದು ತಿಳಿಯುವುದು ಅದು ಮಾತು ಕೇಳದಿದ್ದಾಗಲೇ. ಅಲ್ಲಿಯವರೆಗೆ ಅದು ಹಿತ್ತಲ ಬಾಗಿಲಿನ ಹಾಗೆ. ದಿನವೂ ಬಳಸುತ್ತೇವೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ನಾನಂತೂ ಕೆ.ಆರ್. ನಗರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ಸಾವಿರಾರು ಮಕ್ಕಳ ಕಾಲುಗಳಿಗೆ ಅಪ್ಪಣೆ ಕೊಟ್ಟ ಗಂಟಲು ನನ್ನದು. ನಿಲ್ಲಿ ಎಂದರೆ ನಿಲ್ಲುತ್ತಿದ್ದವು, ನಡೆಯಿರಿ ಎಂದರೆ ನಡೆಯುತ್ತಿದ್ದವು. ಈಗ ನನ್ನವೇ ಎರಡು ಕಾಲು, ಅವು ಮಾತ್ರ ಕೇಳುವುದಿಲ್ಲ. ಮೈಸೂರಿನ ಡಾಕ್ಟರು ಇದಕ್ಕೆ ಪಾರ್ಕಿನ್ಸನ್ ಎಂದು ಹೆಸರು ಹೇಳಿದರು. ಕೈ ನಡುಗುವುದು ಅದರಲ್ಲಿ ಸಣ್ಣ ಪಾಲು. ನಡೆಯುತ್ತಾ ನಡೆಯುತ್ತಾ ಪಾದ ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಂಡುಬಿಡುವುದು ದೊಡ್ಡ ಪಾಲು. ಮನಸ್ಸು ಮುಂದೆ ಹೋಗಿರುತ್ತದೆ, ಮೈ ಹಿಂದೆಯೇ ನಿಂತಿರುತ್ತದೆ. ಅದರಲ್ಲೂ ಬಾಗಿಲು ಕಂಡರೆ ನನ್ನ ಕಾಲಿಗೆ ಆಗಿಬರದು.

ಪಿರಿಯಾಪಟ್ಟಣದಲ್ಲಿ ತಂಗಿಯ ಮಗನ ಮದುವೆ. ಗಂಡಿನ ಸೋದರಮಾವ ನಾನು, ಸಿಲ್ಕ್ ಶರ್ಟು ಹಾಕಿಕೊಂಡು ಛತ್ರದ ಬಾಗಿಲಿಗೆ ಬಂದೆ, ಅಲ್ಲೇ ನಿಂತೆ. ಹಿಂದೆ ಜನ, ಮುಂದೆ ಜನ, ನಡುವೆ ನಾನು ಕಂಬದ ಹಾಗೆ. ಹೆಣ್ಣಿನ ಅಪ್ಪ ಗಾಬರಿಯಿಂದ ಎಲೆಅಡಿಕೆ ತಟ್ಟೆ ಹಿಡಿದು ಓಡಿಬಂದರು. "ತಪ್ಪಾಯ್ತು ಕಣಣ್ಣ, ಎದುರುಗೊಳ್ಳಾಕೆ ಬರ್ಲಿಲ್ಲ ಅಂತ ಮುನಿಸ್ಕಬ್ಯಾಡಿ, ಒಳೀಕೆ ಬನ್ನಿ" ಎಂದು ಕೈ ಮುಗಿದರು. ಇದು ಮುನಿಸಲ್ಲ, ಕಾಯಿಲೆ ಎಂದು ನಾನು ಹೇಳುವಷ್ಟರಲ್ಲಿ ಯಾರೋ ನನ್ನ ಹೆಗಲಿಗೆ ಒಂದು ಜರಿ ಪಂಚೆ ಹೊದಿಸಿದರು. ಅದೇ ಹೊತ್ತಿಗೆ ಕಾಲೂ ಬಿಟ್ಟಿತು. ಮೇಷ್ಟ್ರು ಪಂಚೆ ಬೀಳೋವರೆಗೂ ಅಲ್ಲಾಡಲಿಲ್ಲ ಎಂದು ಆ ಕಡೆಯವರು ಇಂದಿಗೂ ಆಡಿಕೊಳ್ಳುತ್ತಾರೆ. ನಾನೂ ನಕ್ಕೆ. ಆದರೆ ಅಂದಿನಿಂದ ಎಲ್ಲಿಗೂ ಹೋಗುವುದನ್ನು ಬಿಟ್ಟೆ. ನಾನು ಬಿಟ್ಟದ್ದರಿಂದ ನನ್ನ ಹೆಂಡತಿ ರತ್ನಳೂ ಬಿಟ್ಟಳು. ಸೋಬಾನೆ ಹಾಡಲು ಸುತ್ತಮುತ್ತಲ ಊರಿಗೆಲ್ಲ ಹೋಗುತ್ತಿದ್ದವಳು ಅವಳು. ಗುರುಪುರದ ನಮ್ಮ ಮನೆಯಲ್ಲಿ ನಾವಿಬ್ಬರೂ ಟಿ.ವಿ. ಮುಂದೆ ಕೂತು ಬೇರೆಯವರ ಮದುವೆ ನೋಡತೊಡಗಿದೆವು.

ಹೀಗಿರುವಾಗ ಮೈಸೂರಿನಲ್ಲಿ ನನಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಶ್ವೇತಾ, "ಸರ್, ನೀವು ಟ್ಯಾಂಗೋ ಯಾಕೆ ಕಲೀಬಾರದು?" ಎಂದಳು. ನಾನು ಅದು ಯಾವುದೋ ಮಾವಿನ ಜ್ಯೂಸು ಎಂದುಕೊಂಡು, ಶುಗರ್ ಇದೆಯಮ್ಮ ಎಂದೆ. ಅದು ಗಂಡು ಹೆಣ್ಣು ಒಬ್ಬರನ್ನೊಬ್ಬರು ಹಿಡಿದು ಕುಣಿಯುವ ಕುಣಿತವಂತೆ. ನಿಲ್ಲುವುದು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುವುದು, ಮತ್ತೆ ಹೊರಡುವುದು, ಇಷ್ಟೇ ಅದರ ಜೀವಾಳ. ನನ್ನಂಥ ಕಾಲಿಗೆ ಒಳ್ಳೆಯದಂತೆ. ಭಾನುವಾರ ಅವಳೇ ಒಂದು ಹಾಲ್‌ನಲ್ಲಿ ಕಲಿಸುತ್ತಿದ್ದಳು. ರತ್ನ ಕೇಳಿ ಬೆಚ್ಚಿದಳು. "ಜನದ ಮುಂದೆ ಅಂಗೆ ತಬ್ಕಂಡು ನಿಂತ್ಕಳದಾ? ಧಾರೆ ಆದ ದಿನ ಕೈ ಹಿಡಿದಿದ್ದು, ಆಮೇಲೆ ನೀವು ರಸ್ತೆ ದಾಟಿಸಾಕೂ ಹಿಡ್ದಿಲ್ವಲ್ರೀ!"

ಆದರೂ ಬಂದಳು. ಬಂದು ನನ್ನ ತೋಳನ್ನು, ಜಾರುತ್ತಿರುವ ಕೊಡ ಹಿಡಿದಂತೆ ಹಿಡಿದಳು. ಈ ಕುಣಿತದಲ್ಲಿ ಗಂಡಸು ಮುಂದೆ ನಡೆಯಬೇಕು, ಹೆಂಗಸು ಅವನನ್ನು ನಂಬಿ ಹಿಂದು ಹಿಂದಕ್ಕೆ ಹೋಗಬೇಕು. ರತ್ನ ನಂಬುವುದಿಲ್ಲ. "ನಾನು ಸಡ್ಲ ಬುಟ್ರೆ ನೀವು ಬೀಳ್ತೀರಿ ಕಣ್ರೀ" ಎನ್ನುತ್ತಾಳೆ. ಅವಳು ಬಿಗಿ ಹಿಡಿದಷ್ಟೂ ನಾನು ಅಂಟಿಕೊಂಡೆ. ಶ್ವೇತಾಳ ಜೊತೆ ನಾಲ್ಕು ಹೆಜ್ಜೆ ಹಾಕುವವನು ಹೆಂಡತಿಯ ಜೊತೆ ಕಂಬವಾಗುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಚೆನ್ನಾಗಿ ಕುಣಿಯುವವರೆಂದರೆ ಗೋಣಿಕೊಪ್ಪದ ಮುತ್ತಣ್ಣ, ಹೆಂಡತಿ ತೀರಿಕೊಂಡ ಮೇಲೆ ಕಲಿಯಲು ಬಂದ ಕಾಫಿ ತೋಟದವರು. ಟ್ಯಾಂಗೋದಲ್ಲಿ ಬಾಯಿಬಿಟ್ಟು ಕರೆಯುವ ಹಾಗಿಲ್ಲ. ದೂರದಿಂದ ನೋಡಿ ತಲೆ ಆಡಿಸಬೇಕು, ಒಪ್ಪಿಗೆಯಿದ್ದವರು ತಲೆ ಆಡಿಸಿ ಎದ್ದು ಬರಬೇಕು. ಮುತ್ತಣ್ಣ ರತ್ನಳ ಕಡೆ ತಲೆ ಆಡಿಸಿದಾಗಲೆಲ್ಲ ಅವಳು ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು.

ಒಂದು ಶನಿವಾರ ಕ್ಲಾಸಿನವರೆಲ್ಲ ಕಣ್ಣೂರಿನ ಕಡೆ ಕಡಲು ನೋಡಲು ಹೊರಟರು. ಹಗಲು ಸುತ್ತಾಟ, ಸಂಜೆ ಉಳಿದುಕೊಂಡ ಮನೆಯಲ್ಲೇ ಕುಣಿತ. ಹುಣಸೂರಿನಲ್ಲಿ ವ್ಯಾನು ಹತ್ತಿದೆವು. ಮಾಕುಟ್ಟದ ಘಾಟಿ ಇಳಿದು ಕಡಲು ಕಂಡಾಗ ರತ್ನ ವ್ಯಾನಿನ ಕಿಟಕಿಗೆ ಮುಖ ಒತ್ತಿದಳು. ಅವಳು ಕಡಲು ಕಂಡದ್ದು ಅದೇ ಮೊದಲು. ಆಮೇಲೆ, "ಇಷ್ಟೊಂದು ನೀರು ಮಡಿಕಂಡು ಇವ್ರು ಏನ್ ಮಾಡ್ತಾರೆ? ನಮ್ಮ ಕಡೆಗೊಂದು ಕಾಲುವೆ ಬುಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದಳು. ಉಪ್ಪು ನೀರು ಕಣೇ ಎಂದೆ. ಅವಳಿಗೆ ಕಡಲಿನ ಬಗ್ಗೆ ಸ್ವಲ್ಪ ಮರುಕವೇ ಬಂದಂತೆ ಕಂಡಿತು.

ದಡದೆದುರಿಗೆ ತೆಂಗು ತುಂಬಿದ ಪುಟ್ಟದೊಂದು ದ್ವೀಪ. ಕಡಲು ಇಳಿದಾಗ ಅಲ್ಲಿಗೆ ನಡೆದೇ ಹೋಗಬಹುದು. ನಾನು ದಡದಲ್ಲಿ ಕೂರುತ್ತೇನೆ, ನೀನು ಹೋಗು ಎಂದೆ. "ನೀವು ಬರ್ದಿದ್ರೆ ನಾನೂ ಒಲ್ಲೆ" ಎಂದಳು. ಅವಳ ಕಣ್ಣು ದ್ವೀಪದ ಮೇಲೇ ಇತ್ತು. ಹೊರಟೆ. ಹೋಗುವಾಗ ಕಾಲು ಸುಖವಾಗಿ ನಡೆಯಿತು. ವಾಪಸು ಬರುವಾಗ, ಉಳಿದವರೆಲ್ಲ ಮುಂದೆ ಹೋಗಿ ದಡ ಸೇರಿದ ಮೇಲೆ, ನಡುನೀರಿನಲ್ಲಿ ಅಂಟಿಕೊಂಡಿತು. ಕಣಕಾಲಿನಲ್ಲಿದ್ದ ನೀರು ನೋಡನೋಡುತ್ತಾ ಮೊಣಕಾಲಿನ ಹತ್ತಿರಕ್ಕೆ ಬಂತು. ರತ್ನ ತೋಳು ಹಿಡಿದು ಎಳೆದಳು. ಎಳೆದಷ್ಟೂ ಬೇರು ಬಿಟ್ಟಂತೆ ನಿಂತೆ. ದಡದಿಂದ ಬೆಸ್ತನೊಬ್ಬ ಮಲಯಾಳದಲ್ಲಿ "ಎಂದು ಪಟ್ಟಿ?", ಅಂದರೆ ಏನಾಯ್ತು, ಎಂದು ಕೂಗಿ, ಹೊತ್ತು ತರಲೇ ಎಂದು ಹೆಗಲು ತಟ್ಟಿ ತೋರಿಸಿದ. ನನಗೆ ಅಳು ಬಂತು. ನೀನು ಹೋಗು ರತ್ನ ಎಂದೆ.

"ಎಲ್ಲೀಗ್ ಓಗ್ಲಿ? ಸುಮ್ಕಿರಿ" ಎಂದು ಗದರಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನನ್ನೆದುರಿಗೆ ಬಂದು, ದಡಕ್ಕೆ ಬೆನ್ನು ಹಾಕಿ ನಿಂತಳು. ನನ್ನ ಬಲಗೈಯನ್ನು ತಾನೇ ತೆಗೆದು ತನ್ನ ಬೆನ್ನಿಗೆ ಇಟ್ಟುಕೊಂಡಳು. ಮೊದಲ ಸಲ ಅವಳ ಹಿಡಿತ ಸಡಿಲವಾಗಿತ್ತು. "ಆ ಕಡೀಗ್ ವಾಲಿ. ಈಗ ಈ ಕಡೀಗೆ. ಅವಸರ ಬ್ಯಾಡ" ಎಂದಳು. ಆಮೇಲೆ ಮೆಲ್ಲಗೆ ಸೋಬಾನೆಯ ಧಾಟಿ ಎತ್ತಿದಳು. ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ! ಮರಳಿನಿಂದ ನನ್ನ ಎಡಗಾಲು ಎದ್ದಿತು. ಅವಳು ಹಿಂತಿರುಗಿ ನೋಡಲಿಲ್ಲ. ನಾನು ಹೆಜ್ಜೆ ಮುಂದಿಟ್ಟಲ್ಲೆಲ್ಲ ಅವಳು ಹಿಂದಕ್ಕೆ ಜಾಗ ಬಿಟ್ಟಳು. ದಡದ ಜನವೆಲ್ಲ ನೋಡುತ್ತಿದ್ದರು. ಹಾಗೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಣ ಮರಳಿಗೆ ಬಂದೆವು. ಬಂದವಳೇ ಕೂತು, ಮುಖ ಮುಚ್ಚಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತು ಅವಳ ಸೆರಗಿನ ನೀರು ಹಿಂಡಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಸಂಜೆ ಮನೆಯ ಹಜಾರದಲ್ಲಿ ಕುಣಿತ ಶುರುವಾಯಿತು, ನಾವಿಬ್ಬರೂ ಬಾಗಿಲಾಚೆ ಜಗಲಿಯಲ್ಲಿ ಕೂತಿದ್ದೆವು. ಮುತ್ತಣ್ಣ ಎಂದಿನಂತೆ ದೂರದಿಂದ ರತ್ನಳತ್ತ ತಲೆ ಆಡಿಸಿದರು. ಬ್ಯಾಗು ಅವಳ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ತಲೆ ಆಡಿಸಿ ಎದ್ದಳು. ನನಗೆ ಬಹಳ ಸಂತೋಷವಾಯಿತು. ನನ್ನ ದೆಸೆಯಿಂದ ಮನೆಯಲ್ಲೇ ಬಾಡಿದವಳು ಕಣ್ಣು ಮುಚ್ಚಿ, ನಿರಾಳವಾಗಿ, ಹುಡುಗಿಯ ಹಾಗೆ ತೇಲುತ್ತಿದ್ದಾಳೆ. ಹಾಡು ಮುಗಿಯಿತು. ಸಂತೋಷವಾಗಿಯೇ ಕಾದೆ. ಅವರಿಬ್ಬರೂ ಹಿಡಿತ ಬಿಡಲಿಲ್ಲ. ಒಬ್ಬರ ಜೊತೆ ಎದ್ದರೆ ಒಂದೇ ಹಾಡಿಗೆ ಮುಗಿಯುವುದಿಲ್ಲ, ಮೂರು ನಾಲ್ಕು ಹಾಡು ಅವರ ಜೊತೆಗೇ ಎಂಬುದು ಇದರ ನಿಯಮವಂತೆ. ಎರಡನೆಯ ಹಾಡಿಗೆ ಸಂತೋಷ ಸ್ವಲ್ಪ ಕಮ್ಮಿಯಾಯಿತು. ಮೂರನೆಯದರಲ್ಲಿ ಮುತ್ತಣ್ಣ ಏನೋ ಹೇಳಿದರು, ರತ್ನ ನಕ್ಕಳು.

ನಾನು ಎದ್ದೆ. ಬಾಗಿಲು ದಾಟಿ, ಕುಣಿಯುವವರ ನಡುವೆ, ಎಲ್ಲೂ ನಿಲ್ಲದೆ, ಎಲ್ಲೂ ವಾಲದೆ ಸರಸರನೆ ನಡೆದು ಅವರೆದುರು ನಿಂತೆ. "ಏನ್ರೀ?" ಎಂದಳು ರತ್ನ. "ಏನಿಲ್ಲ, ನಿನ್ನ ಬ್ಯಾಗು ಅಲ್ಲೇ ಇದೆ ಅಂತ ಹೇಳೋಣ ಅಂತ" ಎಂದೆ. "ಇರ್ಲಿ ಬುಡಿ, ಅದ್ಕೇನ್ ಕಾಲ್ ಅವಾ, ಎದ್ದೋಗಾಕೆ?" ಎಂದು ಮತ್ತೆ ಕಣ್ಣು ಮುಚ್ಚಿದಳು.

ಶ್ವೇತಾ ಚಪ್ಪಾಳೆ ತಟ್ಟುತ್ತಾ ಓಡಿಬಂದಳು. "ಸರ್! ಎಷ್ಟು ಚೆನ್ನಾಗಿ ನಡೆದ್ರಿ! ಮನಸ್ಸಲ್ಲಿ ಏನು ಅಂದ್ಕೊಂಡು ನಡೆದ್ರಿ, ಹೇಳಿ, ಬೇರೆ ಪೇಷೆಂಟ್ಸ್‌ಗೂ ಹೇಳಿಕೊಡ್ತೀನಿ" ಎಂದಳು. ನಿಮ್ಮ ಪಾಠವೇ ಮೇಡಂ ಎಂದೆ. ಮತ್ತೇನು ಹೇಳಲಿ? ಈ ವಯಸ್ಸಿನಲ್ಲಿ, ಈ ಕಾಯಿಲೆಗೆ, ಹೊಟ್ಟೆಕಿಚ್ಚಿನಷ್ಟು ಒಳ್ಳೆಯ ಔಷಧಿ ಇಲ್ಲ ಎಂದು ಹೇಳಲು ನನಗಂತೂ ಬಾಯಿ ಬರಲಿಲ್ಲ.